ಕಾಯುವ ಖರ್ಚು

ಮೊದಲ ವಾರದ ಲೆಕ್ಕ ನೋಡಿ ನನಗೇ ನಗು ಬಂತು. ಎಟಿಎಂನಿಂದ ತೆಗೆದದ್ದು 3000 ರೂಪಾಯಿ. ಮೊಬೈಲಿನ ಖರ್ಚಿನ ಆ್ಯಪ್‌ನಲ್ಲಿ ಇದ್ದದ್ದು ಒಂದೇ ಸಾಲು: 'ನಗದು, 3000'. ಪರ್ಸಿನಲ್ಲಿ ಉಳಿದದ್ದು 140. ಮಿಕ್ಕಿದ್ದು ಎಲ್ಲಿ ಹೋಯಿತು ಅಂತ ಆ್ಯಪ್‌ಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

2024ರ ಆಷಾಢದಲ್ಲಿ ಶಿವಮೊಗ್ಗದ ಮನೆಗೆ ಬೀಗ ಹಾಕಿ ಹೊರಟಿದ್ದೆ. ದೀಪಾವಳಿ ಕಳೆಯುವವರೆಗೆ ತೀರ್ಥಹಳ್ಳಿ, ಆಗುಂಬೆ, ಕೊಪ್ಪ, ಸಾಗರ, ಹೊಸನಗರ ಅಂತ ಸುತ್ತಾಟ. ಕರಡು ತಿದ್ದುವ ಕೆಲಸ ನನ್ನದು. ಎಲ್ಲಿ ಕೂತರೂ ನಡೆಯುತ್ತದೆ. ದುಡ್ಡಿಗೆ ಮಾತ್ರ ಒಂದು ಗೆರೆ ಹಾಕಿಕೊಂಡಿದ್ದೆ, ತಿಂಗಳಿಗೆ 15,000.

ಆ್ಯಪ್‌ನದ್ದೇನೂ ತಪ್ಪಿಲ್ಲ. ಅದು ಬ್ಯಾಂಕಿನಿಂದ ಬರುವ ಮೆಸೇಜ್ ಓದಿ ಲೆಕ್ಕ ಬರೆಯುತ್ತದೆ. ಶಿವಮೊಗ್ಗದಲ್ಲಿ ಸೊಪ್ಪಿನವಳಿಗೂ ಸ್ಕ್ಯಾನ್ ಮಾಡಿ ಕೊಡುವವಳು ನಾನು, ಅಲ್ಲಿ ಎಲ್ಲ ಸರಿಯಿತ್ತು. ಮಳೆಗಾಲದಲ್ಲಿ ಘಟ್ಟದ ಕಡೆ ಕತೆ ಬೇರೆ. ಗಾಳಿಗೆ ಮರ ಬಿದ್ದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. "ನೆಟ್‌ವರ್ಕ್ ಇಲ್ಲ ಅಕ್ಕಾ, ಚಿಲ್ಲರೆ ಇದ್ರೆ ನೋಡಿ" ಅನ್ನುವ ಮಾತು ದಿನಕ್ಕೆ ನಾಲ್ಕು ಸಲ ಕೇಳಿದ್ದೇನೆ.

ತೀರ್ಥಹಳ್ಳಿಯಲ್ಲಿ ಒಂದು ಸಣ್ಣ ನೋಟ್‌ಬುಕ್ ಕೊಂಡೆ. ಮೊದಲ ಪುಟದ ಮೊದಲ ಸಾಲು ಅದರದೇ ಬೆಲೆ, 25 ರೂಪಾಯಿ. ಜೆಲ್ ಪೆನ್ನಿನಲ್ಲಿ ಬರೆದ ಎರಡು ದಿನದ ಲೆಕ್ಕ ಆಗುಂಬೆ ಬಸ್ಸಿನ ಕಿಟಕಿ ಸೋರಿ ನೀಲಿ ಕಲೆಯಾಯಿತು. ಆಮೇಲೆ ಪೆನ್ಸಿಲ್ ಹಿಡಿದೆ. ಪುಸ್ತಕ ನೆನೆದರೂ ಪೆನ್ಸಿಲ್ ಅಕ್ಷರ ಹರಡುವುದಿಲ್ಲ. ರಾತ್ರಿ ಕೂತು ಬರೆಯುತ್ತೇನೆ ಅಂದುಕೊಂಡರೆ ಅರ್ಧ ಮರೆತಿರುತ್ತದೆ. ಹಾಗಾಗಿ ದುಡ್ಡು ಕೈ ಬಿಟ್ಟ ಜಾಗದಲ್ಲೇ ಬರೆಯುವುದು ಅಂತ ಮಾಡಿಕೊಂಡೆ.

ಎಡಗಡೆ ಪುಟ ಅಭ್ಯಾಸಗಳಿಗೆ. ನಡೆದರೆ 'ನ', ಹತ್ತು ಪುಟ ಓದಿದರೆ 'ಓ', ಹನ್ನೊಂದರೊಳಗೆ ಮಲಗಿದರೆ 'ಮ'. ಕಾಫಿಗೆ ಮಾತ್ರ ಗೀಟು, ಲೋಟಕ್ಕೊಂದು. ಬಲಗಡೆ ಖರ್ಚು. 'ಟೀ 15, ಬನ್ಸ್ 30, ಗೋಳಿಬಜೆ 40' ಅಂತ ಎರಡು ವಾರ ಬರೆದೆ. ಓದಿದರೆ ಹೋಟೆಲಿನ ಬೋರ್ಡ್ ಓದಿದ ಹಾಗಿತ್ತು, ಬೇರೇನೂ ತಿಳಿಯಲಿಲ್ಲ. ಮೂರನೇ ವಾರ ಪ್ರತಿ ಸಾಲಿನ ಕೊನೆಗೆ 'ಯಾಕೆ' ಅಂತ ಒಂದು ಮಾತು ಸೇರಿಸಿದೆ. ಹಸಿವು, ಮಳೆ, ಬೇಜಾರು, ಕಾಯುವಾಗ, ಹೀಗೆ.

ಆಗ ಗೊತ್ತಾಯಿತು, ನನ್ನ ದುಡ್ಡು ಹೋಗುತ್ತಿದ್ದದ್ದು ಬಸ್ಸಿನಲ್ಲಲ್ಲ, ಬಸ್ ಸ್ಟ್ಯಾಂಡಿನಲ್ಲಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ಆದರೆ ಮಲೆನಾಡಿನ ಒಳದಾರಿಗಳಲ್ಲಿ ಜಾಸ್ತಿ ಓಡುವುದು ಪ್ರೈವೇಟ್ ಬಸ್ಸು. ಅಲ್ಲಿ ಟಿಕೆಟ್ ತೆಗೆಯಲೇಬೇಕು. ನಾನೇನು ಮಾಡುತ್ತಿದ್ದೆ? ಎದುರಿಗೆ ನಿಂತ ಪ್ರೈವೇಟ್ ಬಸ್ ಬಿಟ್ಟು ಸರ್ಕಾರಿ ಬಸ್ಸಿಗೆ ಒಂದೂವರೆ ಗಂಟೆ ಕಾಯುತ್ತಿದ್ದೆ. ಉಳಿದದ್ದು 40 ರೂಪಾಯಿ. ಅಷ್ಟು ಹೊತ್ತಿಗೆ ಎರಡು ಕಾಫಿ, ಒಂದು ಪ್ಲೇಟ್ ಬಜೆ, ಒಂದು ವಾರಪತ್ರಿಕೆ ಸೇರಿ 95. ಪುಸ್ತಕದಲ್ಲಿ 'ಬಸ್ 0' ಅಂತ ಬರೆಯುವಾಗ ಮಾತ್ರ ಏನೋ ಗೆದ್ದ ಹಾಗೆ ಖುಷಿ!

ಶರಾವತಿ ಹಿನ್ನೀರು ದಾಟಿಸುತ್ತಿದ್ದ ಸಿಗಂದೂರು ಲಾಂಚಿನದು ಇನ್ನೂ ಜೋರು. ಭಾನುವಾರ ಅಂಬಾರಗೊಡ್ಲು ದಡದಲ್ಲಿ ಕಾಯುತ್ತ ತಿಂದ ಜೋಳ, ಮಂಡಕ್ಕಿ, ಚಹಾದ ಲೆಕ್ಕ ಲಾಂಚ್ ಟಿಕೆಟ್ಟಿನ ಎಷ್ಟೋ ಪಟ್ಟು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು. ಆ ಖರ್ಚೂ ಹೋಯಿತು, ಹಿನ್ನೀರು ನೋಡುತ್ತ ಸುಮ್ನೆ ಕೂರುವುದೂ ಹೋಯಿತು.

ಆಗಸ್ಟ್ ತಿಂಗಳಲ್ಲಿ 'ಕಾಯುವಾಗ' ಅಂತ ಬರೆದ ಸಾಲುಗಳನ್ನೆಲ್ಲ ಕೂಡಿದೆ. 1,870 ರೂಪಾಯಿ! ಕಾಯುವುದನ್ನು ತಪ್ಪಿಸಲು ಆಗುವುದಿಲ್ಲ. ಟಿಕೆಟ್ 50ರೊಳಗಿದ್ದರೆ ಮೊದಲು ಬಂದ ಬಸ್ ಹತ್ತುವುದು ಅಂತ ಗಟ್ಟಿ ಮಾಡಿದೆ. ಚೀಲದಲ್ಲಿ ಹುರಿದ ಶೇಂಗಾ ಡಬ್ಬಿ, ಫ್ಲಾಸ್ಕಿನಲ್ಲಿ ಕಷಾಯ. ದಿನದ ಹತ್ತು ಪುಟ ಓದುವುದನ್ನು ರಾತ್ರಿಯಿಂದ ಬಸ್ ಸ್ಟ್ಯಾಂಡಿಗೆ ತಂದೆ. ಸೆಪ್ಟೆಂಬರಿನಲ್ಲಿ ಅದೇ ಮೊತ್ತ 640ಕ್ಕೆ ಇಳಿಯಿತು. ಎಡಗಡೆ ಪುಟದಲ್ಲಿ 'ಓ'ಗಳ ಸಾಲು ಬೆಳೆಯಿತು. ಬೇಗ ಮಲಗುವ 'ಮ' ಮಾತ್ರ ಕೊನೆವರೆಗೂ ಸುಧಾರಿಸಲಿಲ್ಲ, ಅದನ್ನು ಬಿಟ್ಟೇಬಿಟ್ಟೆ.

ಎಡ ಬಲ ಪುಟಗಳನ್ನು ಒಟ್ಟಿಗೆ ನೋಡುವ ಬುದ್ಧಿ ಬಂದದ್ದು ಆಗುಂಬೆಯ ಲೆಕ್ಕದಿಂದ. ಅಲ್ಲಿದ್ದ ಒಂಬತ್ತು ದಿನದಲ್ಲಿ 'ನ' ಇದ್ದದ್ದು ಒಂದೇ ದಿನ. ಕಾಫಿ ಗೀಟು ದಿನಕ್ಕೆ ಆರು, ಏಳು. ನಡಿಗೆ ಇಲ್ಲದ ದಿನವೇ ಖರ್ಚೂ ಜಾಸ್ತಿ. ರೂಮಿನಲ್ಲಿ ಕೂರಲಾಗದೆ ಹೋಟೆಲಿಗೆ ಹೋಗಿ ಕೂರುತ್ತಿದ್ದೆ ಅಷ್ಟೆ. ನಡೆಯದೇ ಇದ್ದದ್ದು ಯಾಕೆ? ಶೂ ಒಣಗುತ್ತಿರಲಿಲ್ಲ. ಕೊಪ್ಪದಲ್ಲಿ 350 ಕೊಟ್ಟು ಪ್ಲಾಸ್ಟಿಕ್ ಸ್ಯಾಂಡಲ್ ತೆಗೆದುಕೊಂಡೆ. ಉಂಬಳಕ್ಕೆ, ಅಂದರೆ ಜಿಗಣೆಗೆ, ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟು. ಮಳೆಯಲ್ಲೇ ನಡೆಯಲು ಶುರು ಮಾಡಿದ ಮೇಲೆ ಕಾಫಿ ಮೂರಕ್ಕೆ ನಿಂತಿತು. ಕಾಫಿ ಬಿಡಬೇಕು ಅಂತ ಒಂದು ದಿನವೂ ಹಟ ಮಾಡಲಿಲ್ಲ.

ಬಟ್ಟೆಯದೂ ಹೀಗೇ. ಒಣಗಲಿಲ್ಲ ಅಂತ ಊರೂರಲ್ಲಿ ಒಳಬಟ್ಟೆ, ಸಾಕ್ಸು, ಟವೆಲ್ ಕೊಂಡದ್ದು ಒಟ್ಟು 1,300. ಒಲೆ ಮೇಲೆ ಅಟ್ಟ ಇರುವ ಮನೆ ಸಿಕ್ಕ ಮೇಲೆ ಆ ಖರ್ಚು ನಿಂತಿತು. ಬಟ್ಟೆಗೆ ಹೊಗೆ ವಾಸನೆ ಬರುತ್ತಿತ್ತು, ಬರಲಿ. ರೂಮಿನ ಬಾಡಿಗೆಯಲ್ಲಿ ಕಲಿತದ್ದು ಒಂದೇ. ದಿನದ ಲೆಕ್ಕದ ಲಾಡ್ಜಿಗಿಂತ ಸಾಗರದಲ್ಲಿ ತಿಂಗಳ ಲೆಕ್ಕಕ್ಕೆ ಹಿಡಿದ ಮಹಡಿ ರೂಮು ಎಷ್ಟೋ ಅಗ್ಗ.

ಎಲ್ಲಕ್ಕಿಂತ ಕಷ್ಟವಾದದ್ದು ದುಡ್ಡು ಮುಟ್ಟದವರ ಲೆಕ್ಕ. ಹೊಸನಗರದ ಕಡೆ ಪರಿಚಯದವರ ಮನೆಯಲ್ಲಿ ಮೂರು ವಾರ ಇದ್ದೆ. ಗದ್ದೆಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆಯೂ ಅಲ್ಲೇ ಆಯಿತು. ಬೆಳಗಿನ ಜಾವ ಅವರ ಜೊತೆ ಗದ್ದೆಗೆ ಹೋಗಿ ಬಂದು ಕಡುಬು ತಿಂದೆ. ಆ ದಿನದ ಬಲಪುಟ ಖಾಲಿ. ಖಾಲಿ ಬಿಟ್ಟರೆ ಸುಳ್ಳು ಲೆಕ್ಕ ಅನ್ನಿಸಿತು. ಪೇಟೆಗೆ ಹೋದಾಗ ಹಣ್ಣು, ಕಾಫಿಪುಡಿ, ಮಕ್ಕಳಿಗೆ ಬಣ್ಣದ ಪೆನ್ಸಿಲ್ ತಂದು 'ಮನೆಗೆ' ಅಂತ ಬರೆಯತೊಡಗಿದೆ. ವಾರಕ್ಕೆ 500 ಆಯಿತು. ಅದನ್ನು ಕಡಿಮೆ ಮಾಡಲು ಹೋಗಲಿಲ್ಲ.

ನಾನು ಹೀಗೆ ಗೀಚುವುದನ್ನು ನೋಡಿ ಆ ಮನೆಯ ಅಕ್ಕನಿಗೆ ನಗು. "ಎಂತ ಮಾರಾಯ್ತಿ, ಉಸಿರು ಬಿಟ್ರೂ ಬರೀತೀಯಾ?" ಅನ್ನುತ್ತಿದ್ದರು.

ದೀಪಾವಳಿ ರಾತ್ರಿ ಅಂಟಿಗೆ ಪಂಟಿಗೆಯವರು ಪದ ಹೇಳುತ್ತ ದೀಪ ಹಿಡಿದುಕೊಂಡು ಅಂಗಳಕ್ಕೆ ಬಂದರು. ಅಕ್ಕ ದೀಪಕ್ಕೆ ಎಣ್ಣೆ ಹಾಕಿ ಅಕ್ಕಿ, ಅಡಿಕೆ, ದುಡ್ಡು ಕೊಟ್ಟರು. ನಾನೂ 50 ರೂಪಾಯಿ ಇಟ್ಟೆ. ಬೆಳಿಗ್ಗೆ ಪುಸ್ತಕ ತೆಗೆದು 50 ಅಂತ ಬರೆದವಳು 'ಯಾಕೆ' ಜಾಗಕ್ಕೆ ಬಂದು ನಿಂತೆ. ಏನು ಬರೆಯಬೇಕು ತಿಳಿಯಲಿಲ್ಲ. ಅಕ್ಕ ಬಗ್ಗಿ ನೋಡಿದರು, ಪೆನ್ಸಿಲ್ ಕಿತ್ತುಕೊಂಡು ದಪ್ಪ ಅಕ್ಷರದಲ್ಲಿ ತಾವೇ ಬರೆದರು: 'ಹಬ್ಬ, ಇನ್ನೆಂತ'.