ಮೇಜಿನ ಕೆಳಗಿನ ಇಟ್ಟಿಗೆ

ಕಲಬುರಗಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್. ಕೆಲವು ವರ್ಷಗಳ ಹಿಂದೆ ನಮ್ಮ ಸಿಸಿಆರ್, ಅಂದರೆ ಸೆಂಟ್ರಲ್ ಕಂಟ್ರೋಲ್ ರೂಮಿನ ಮೇಜು, ಕುರ್ಚಿ, ಸ್ಕ್ರೀನ್ ಎಲ್ಲ ಬದಲಿಸುವ ಕೆಲಸ ನನ್ನ ತಲೆಗೆ ಬಂತು. ನಾನು ಎರ್ಗೊನಾಮಿಕ್ಸ್, ಅಂದರೆ ಕೆಲಸದ ಜಾಗವನ್ನು ಮನುಷ್ಯನ ಮೈಗೆ ಹೊಂದಿಸುವ ಶಾಸ್ತ್ರ, ಓದಿದವನಲ್ಲ. ವೈರಿಂಗ್ ಗೊತ್ತು, ಕಾರ್ಖಾನೆ ನಡೆಸುವ ಕಂಪ್ಯೂಟರ್ ವ್ಯವಸ್ಥೆ ಡಿಸಿಎಸ್ ಗೊತ್ತು, ಅಷ್ಟೇ. ಮೊದಲ ದಿನ ಕೇಬಲ್ ನೋಡೋಣ ಅಂತ ಕಿಲ್ನ್ (ಸುಣ್ಣಕಲ್ಲಿನ ಪುಡಿ ಸುಡುವ ದೊಡ್ಡ ಕುಲುಮೆ) ಆಪರೇಟರ್ ಮೇಜಿನ ಕೆಳಗೆ ತೂರಿದೆ. ಟಾರ್ಚ್ ಬೆಳಕಿಗೆ ಎರಡು ಇಟ್ಟಿಗೆ ಕಂಡವು. ಕಿಲ್ನ್ ಒಳಗೆ ಕಟ್ಟುವ ಬೆಂಕಿ ಇಟ್ಟಿಗೆ. ಮೇಲೆ ಗೋಣಿತಟ್ಟು ಸುತ್ತಿ, ಸುತಳಿ ಕಟ್ಟಿ ಇಟ್ಟಿದ್ದರು.

"ಇದೇನ್ರಿ?" ಅಂದೆ.

"ಕಾಲಿಡ್ಲಿಕ್ರಿ ಸರ. ಕುರ್ಚಿ ಮ್ಯಾಲ ಕುಂತ್ರ ನೆಲ ಹತ್ತಂಗಿಲ್ಲ."

ಟೇಪ್ ಹಿಡಿದು ನೋಡಿದರೆ ಮೇಜು 78 ಸೆಂ.ಮೀ. ಎತ್ತರ. ಕೀಬೋರ್ಡ್ ಮೊಣಕೈ ಮಟ್ಟಕ್ಕೆ ಬರಬೇಕಾದರೆ ಆತ ಕುರ್ಚಿ ಎತ್ತರಿಸಬೇಕು. ಎತ್ತರಿಸಿದರೆ ಕಾಲು ನೇತಾಡುತ್ತದೆ, ಸೀಟಿನ ಅಂಚು ತೊಡೆಯ ಕೆಳಗೆ ಒತ್ತುತ್ತದೆ. ಇಳಿಸಿದರೆ ಎಂಟು ಗಂಟೆ ಹೆಗಲು ಎತ್ತಿಕೊಂಡೇ ಕೂರಬೇಕು. ಆತ ಎತ್ತರಿಸಿಕೊಂಡು ಇಟ್ಟಿಗೆ ತಂದಿದ್ದ. ಮೊಣಕಾಲಿಗೆ ಬೇಕಾದ ಜಾಗದಲ್ಲಿ ಸಿಪಿಯು ಡಬ್ಬಿಗಳು ಬೇರೆ ಕೂತಿದ್ದವು.

ಅಷ್ಟರಲ್ಲಾಗಲೇ ವೆಂಡರ್ ಡ್ರಾಯಿಂಗ್ ತಂದುಕೊಟ್ಟಿದ್ದರು. ಗೋಡೆ ತುಂಬಾ ವಿಡಿಯೊ ವಾಲ್, ಬಿಲ್ಲಿನ ಹಾಗೆ ಬಾಗಿದ ಕನ್ಸೋಲ್ (ಆಪರೇಟರ್ ಮೇಜು), ಅಂಚಿಗೆ ನೀಲಿ ಎಲ್‌ಇಡಿ ಪಟ್ಟಿ. ನನಗೂ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ. ಇಟ್ಟಿಗೆ ನೋಡಿದ ಮೇಲೆ ಮಾತ್ರ ಅನುಮಾನ ಶುರುವಾಯಿತು. ಈ ಡ್ರಾಯಿಂಗ್ ಮಾಡಿದವರು ಇಲ್ಲಿ ಒಂದು ರಾತ್ರಿಯಾದರೂ ಕೂತಿದ್ದಾರಾ? ಹಾಗೆ ನೋಡಿದರೆ ನಾನೂ ಕೂತಿರಲಿಲ್ಲ.

ಮೂರು ರಾತ್ರಿ ಸಿ ಶಿಫ್ಟ್‌ನಲ್ಲಿ ಕೂತೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ. ಕೈಯಲ್ಲಿ ಒಂದು ನೋಟ್‌ಬುಕ್. ಆಪರೇಟರ್ ಕಣ್ಣು ಯಾವ ಸ್ಕ್ರೀನಿಗೆ ಹೋಗುತ್ತದೆ, ಕೈ ಎಲ್ಲಿಗೆ ಹೋಗುತ್ತದೆ ಅಂತ ಗೆರೆ ಹಾಕುತ್ತಾ ಹೋದೆ. ಮೊದಲ ಒಂದು ಗಂಟೆ ನನ್ನನ್ನು ನೋಡಿ ಎಲ್ಲರೂ ನೆಟ್ಟಗೆ ಕೂತಿದ್ದರು. ಆಮೇಲೆ ಮರೆತುಬಿಟ್ಟರು.

ಜಾಸ್ತಿ ಗೆರೆ ಬಿದ್ದದ್ದು ಕಿಲ್ನ್ ಕ್ಯಾಮೆರಾಗೆ. ಒಳಗೆ ಸುಮಾರು 1450 ಡಿಗ್ರಿಯಲ್ಲಿ ಕ್ಲಿಂಕರ್, ಅಂದರೆ ಅರೆದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ, ಸುಡುತ್ತಿರುತ್ತದೆ. ಹಳೇ ಆಪರೇಟರ್‌ಗಳು ಉರಿಯ ಬಣ್ಣ ನೋಡಿಯೇ ಅರ್ಧ ವಿಷಯ ಹೇಳಿಬಿಡುತ್ತಾರೆ. ಆ ಸ್ಕ್ರೀನ್ ಎಲ್ಲಿತ್ತು ಗೊತ್ತಾ? ಎಡಗಡೆ ಮೂಲೆಯಲ್ಲಿ, ಮೇಲಿನ ಸಾಲಿನಲ್ಲಿ. ನಿಮಿಷಕ್ಕೊಮ್ಮೆ ಕತ್ತು ತಿರುಗಿಸಿ, ಮೇಲೆತ್ತಿ ನೋಡಬೇಕು. ಎದುರಿಗೇ ಇದ್ದ ಸ್ಕ್ರೀನಿನಲ್ಲಿ ಪ್ಯಾಕಿಂಗ್ ಪ್ಲಾಂಟ್ ಪೇಜ್. ಅದನ್ನು ಎರಡು ಗಂಟೆಯಲ್ಲಿ ಯಾರೂ ಒಮ್ಮೆಯೂ ನೋಡಲಿಲ್ಲ.

ಇನ್ನೊಂದು ನನಗೆ ಹೊಳೆದೇ ಇರಲಿಲ್ಲ. ಐವತ್ತು ದಾಟಿದ ಒಬ್ಬ ಹಿರಿಯ ಆಪರೇಟರ್ ಬೈಫೋಕಲ್ ಕನ್ನಡಕ ಹಾಕುತ್ತಿದ್ದರು. ಹತ್ತಿರದ್ದು ಓದಲು ಗಾಜಿನ ಕೆಳಭಾಗದಿಂದ ನೋಡಬೇಕು. ಹಾಗಾಗಿ ಮೇಲಿನ ಸಾಲಿನ ಸ್ಕ್ರೀನ್ ಓದಲು ಅವರು ಗದ್ದ ಎತ್ತಿ, ಕತ್ತನ್ನು ಪೂರ್ತಿ ಹಿಂದಕ್ಕೆ ಬಾಗಿಸುತ್ತಿದ್ದರು. ನಸುಕಿನ ನಾಲ್ಕರ ಹೊತ್ತಿಗೆ ಒಂದು ಕೈ ಕತ್ತಿನ ಹಿಂದೆಯೇ ಇರುತ್ತಿತ್ತು.

ಲಾಗ್‌ಬುಕ್ ಕತೆ ಬೇರೆ. ಎಲ್ಲ ಕಂಪ್ಯೂಟರಿನಲ್ಲಿದ್ದರೂ ಗಂಟೆಗೊಮ್ಮೆ ರೀಡಿಂಗ್ ಕೈಯಲ್ಲಿ ಬರೆಯಬೇಕು. ಮೇಜಿನ ಮೇಲೆ ಅದಕ್ಕೆ ಜಾಗವೇ ಇಲ್ಲ. ಕೆಲವರು ತೊಡೆಯ ಮೇಲಿಟ್ಟು ಬರೆಯುತ್ತಿದ್ದರು. ಒಬ್ಬ ಕೀಬೋರ್ಡ್ ಮೇಲೇ ಇಟ್ಟು ಬರೆಯುತ್ತಿದ್ದ. ಲಾಗ್‌ಬುಕ್‌ನ ಮೂಲೆ ಎಂಟರ್ ಕೀ ಒತ್ತಿದರೆ ಏನು ಗತಿ ಅಂತ ನನಗೆ ಎದೆ ಧಸಕ್ಕೆಂದಿತು.

ಆಮೇಲೆ ಅಳತೆ. ಕಂಟ್ರೋಲ್ ರೂಮಿಗೆಂದೇ ಐಎಸ್‌ಒ 11064 ಎಂಬ ಮಾನದಂಡ ಇದೆ. ಅದರ ನಾಲ್ಕನೇ ಭಾಗ ಪೂರ್ತಿ ವರ್ಕ್‌ಸ್ಟೇಷನ್ ಬಗ್ಗೆ. ಅಲ್ಲಿ ಕೂರುವ ಜನರಲ್ಲಿ ಗಿಡ್ಡವರಿಂದ ಎತ್ತರದವರವರೆಗೆ ಎಲ್ಲರಿಗೂ ಹೊಂದಬೇಕು ಅನ್ನುವುದು ಅದರ ತಿರುಳು. ಆದರೆ ವೆಂಡರ್ ಕ್ಯಾಟಲಾಗ್‌ನ ಮನುಷ್ಯ ನಮ್ಮ ಊರಿನವನಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಭಾರತೀಯರ ಅಳತೆಗಳನ್ನು 1997ರಲ್ಲೇ ಪ್ರಕಟಿಸಿದೆ. ಅದನ್ನೂ ನೋಡಿದೆ. ಆದರೂ ನಮ್ಮ ಹದಿನಾಲ್ಕೂ ಜನರನ್ನು ಕೂರಿಸಿ, ಬಡಗಿಯ ಮೂಲೆಮಟ್ಟ ಹಿಡಿದು ಮೂರು ಅಳತೆ ತೆಗೆದುಕೊಂಡೆ: ನೆಲದಿಂದ ಮೊಣಕಾಲಿನ ಒಳಮಡಿಕೆ, ಸೀಟಿನಿಂದ ಮೊಣಕೈ, ಸೀಟಿನಿಂದ ಕಣ್ಣು. "ಅಂಗಿ ಹೊಲಿಸ್ಲಿಕತ್ತೀರೇನ್ರಿ ಸರ?" ಅಂತ ನಕ್ಕರು. ಕಣ್ಣಿನ ಎತ್ತರದಲ್ಲೇ ಗಿಡ್ಡವರಿಗೂ ಎತ್ತರದವರಿಗೂ 15 ಸೆಂ.ಮೀ. ವ್ಯತ್ಯಾಸ ಇತ್ತು.

ವೆಂಡರ್ ಹತ್ತಿರ ಒಂದೇ ಒಂದು ಡೆಮೊ ಕೇಳಿದೆ. ಕಿಲ್ನ್‌ಗೆ ಹೋಗುವ ಪುಡಿಯನ್ನು ಮೊದಲೇ ಕಾಯಿಸುವ ನಮ್ಮ ಪ್ರೀಹೀಟರ್‌ನ ಪೇಜನ್ನು ಅವರ ದೊಡ್ಡ ಪರದೆಯಲ್ಲಿ ಹಾಕಿಸಿ, ಅಂಕಿಗಳ ಎತ್ತರವನ್ನು ಸ್ಕೇಲ್ ಹಿಡಿದು ಅಳೆದೆ. 9 ಮಿ.ಮೀ. ನೋಡುವ ದೂರವನ್ನು 200ರಿಂದ ಭಾಗಿಸಿದರೆ ಅಕ್ಷರಕ್ಕೆ ಬೇಕಾದ ಕನಿಷ್ಠ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ಆಪರೇಟರ್ ಕೂರುವುದು 4 ಮೀಟರ್ ದೂರದಲ್ಲಿ. ಅಂದರೆ 20 ಮಿ.ಮೀ. ಬೇಕು. ಅಷ್ಟು ದುಡ್ಡು ಕೊಟ್ಟ ಗೋಡೆಯನ್ನು ಯಾರಿಂದಲೂ ಓದಲಾಗುತ್ತಿರಲಿಲ್ಲ. ಬಂದವರು ಫೋಟೊ ತೆಗೆದುಕೊಳ್ಳಬಹುದಿತ್ತು, ಅಷ್ಟೇ. ಒಂಬತ್ತು ಪ್ಯಾನೆಲ್ ಇದ್ದದ್ದು ಎರಡಕ್ಕೆ ಇಳಿಯಿತು. ಒಂದರಲ್ಲಿ ಕಿಲ್ನ್ ಉರಿ, ಇನ್ನೊಂದರಲ್ಲಿ ದೊಡ್ಡ ಅಂಕಿಗಳಲ್ಲಿ ಹತ್ತೇ ಹತ್ತು ರೀಡಿಂಗ್. ಎರಡೂ ನೇರ ಎದುರಿಗೆ. ಉಳಿದ ದುಡ್ಡು ಕುರ್ಚಿಗೆ ಮತ್ತು ಎತ್ತರ ಬದಲಾಗುವ ಮೇಜಿಗೆ ಹೋಯಿತು. ಮೂರು ಶಿಫ್ಟ್‌ಗೂ ಕುರ್ಚಿ ಒಂದೇ, ಅದು ತಣ್ಣಗಾಗುವುದೇ ಇಲ್ಲ. ಆಫೀಸಿನ ಕುರ್ಚಿ ಮೂರು ವರ್ಷದಲ್ಲಿ ಸವೆಯುವಷ್ಟು ಇಲ್ಲಿ ಒಂದೇ ವರ್ಷದಲ್ಲಿ ಸವೆಯುತ್ತದೆ. 24 ಗಂಟೆ ಬಳಕೆಗೆ ಅಂತಲೇ ಮಾಡಿದ್ದು ತರಿಸಿದೆವು.

ಆರ್ಡರ್ ಹಾಕುವ ಮೊದಲು ಸ್ಟೋರ್‌ನ ಖಾಲಿ ಕೋಣೆಯಲ್ಲಿ ಪ್ಲೈವುಡ್ ಮತ್ತು ರಟ್ಟಿನಿಂದ ನಿಜ ಅಳತೆಯ ಕನ್ಸೋಲ್ ಕಟ್ಟಿಸಿದೆ. ಮಾನಿಟರ್ ಬದಲು ರಟ್ಟಿನ ಹಾಳೆ. ವಾರ ಪೂರ್ತಿ ಬಂದವರೆಲ್ಲ ಕೂತು ನೋಡಿದರು. ನನ್ನ ತಪ್ಪುಗಳೆಲ್ಲ ಅಲ್ಲೇ ಹೊರಬಿದ್ದವು. ಗದ್ದಲ ಕಡಿಮೆಯಾಗಲಿ ಅಂತ ಕಿಲ್ನ್ ಮತ್ತು ರಾ ಮಿಲ್ (ಕಚ್ಚಾ ಕಲ್ಲು ಅರೆಯುವ ಯಂತ್ರ) ಆಪರೇಟರ್ ನಡುವೆ ಗಾಜಿನ ತಡೆ ಇಟ್ಟಿದ್ದೆ. ಕೂತ ಐದೇ ನಿಮಿಷಕ್ಕೆ ಇಬ್ಬರೂ ಬೇಡ ಅಂದರು. ಮಿಲ್ ನಿಂತರೆ ಕಿಲ್ನ್‌ನವನಿಗೆ ಆ ಕ್ಷಣವೇ ಗೊತ್ತಾಗಬೇಕು. ಅದು ಅವರಿಗೆ ಪಕ್ಕದವನ ಮುಖ ನೋಡಿಯೇ ತಿಳಿಯುತ್ತದೆ. ತಡೆ ತೆಗೆಸಿದೆ. ಬೈಫೋಕಲ್ ಹಿರಿಯರಿಗಾಗಿ ಒಂದೇ ಸಾಲು ಸ್ಕ್ರೀನ್, ಮೇಲಂಚು ಕಣ್ಣಿಗಿಂತ ಸ್ವಲ್ಪ ಕೆಳಗೆ. ಲಾಗ್‌ಬುಕ್‌ಗೆ ಬಲಗಡೆ ಇಳಿಜಾರು ಹಲಗೆ.

"ಚಾ ಎಲ್ಲಿಡೋದ್ರಿ ಸರ?" ಅಂತ ಒಬ್ಬ ಕೇಳಿದ. ಯಾವ ಮಾನದಂಡದಲ್ಲೂ ನಾನು ಅದನ್ನು ಓದಿರಲಿಲ್ಲ. ಕೀಬೋರ್ಡಿನಿಂದ ದೂರ, ಕೆಳಮಟ್ಟದಲ್ಲಿ ಒಂದು ತಟ್ಟೆ ಎಳೆದುಕೊಳ್ಳುವ ಹಾಗೆ ಮಾಡಿಸಿದೆವು.

ಬೆಳಕಿಗೆ ಒಂದು ಸುಲಭದ ಉಪಾಯ ಇದೆ. ಸ್ಕ್ರೀನ್ ಮೇಲೆ ಚಿಕ್ಕ ಕನ್ನಡಿ ಇಟ್ಟು ಕುರ್ಚಿಯಲ್ಲಿ ಕೂತು ನೋಡಿ. ಕನ್ನಡಿಯಲ್ಲಿ ಯಾವ ಟ್ಯೂಬ್‌ಲೈಟ್ ಕಾಣುತ್ತದೋ ಅದೇ ಕಣ್ಣಿಗೆ ಹೊಡೆಯುವುದು. ನಮ್ಮಲ್ಲಿ ನಾಲ್ಕು ಸಿಕ್ಕವು. ತೆಗೆಸಿ, ಉಳಿದವಕ್ಕೆ ಡಿಮ್ಮರ್ ಹಾಕಿಸಿದೆ. ಎಸಿ ಗಾಳಿ ಸೀದಾ ಕುತ್ತಿಗೆಗೆ ಬೀಳುತ್ತಿತ್ತು. ಹೊರಗೆ 42 ಡಿಗ್ರಿ ಕಲಬುರಗಿ ಬಿಸಿಲು, ಒಳಗೆ ಆಪರೇಟರ್ ತಲೆಗೆ ಮಂಕಿ ಕ್ಯಾಪ್! ಗಾಳಿಯ ದಿಕ್ಕು ತಿರುಗಿಸಿದ್ದು ಅರ್ಧ ದಿನದ ಕೆಲಸ.

ಅಲಾರ್ಮ್ ಮಾತ್ರ ಮೇಜು ಕುರ್ಚಿಯಷ್ಟು ಸಲೀಸಾಗಿರಲಿಲ್ಲ. ಬಝರ್ ಬಾಯಿಗೆ ಯಾರೋ ಸೆಲ್ಲೊಟೇಪ್ ಸುತ್ತಿದ್ದರು. ಬೈಯುವ ಮೊದಲು ಎಣಿಸಿ ನೋಡಿದೆ. ಒಂದು ಗಂಟೆಯಲ್ಲಿ 90ಕ್ಕೂ ಜಾಸ್ತಿ. ಈಇಎಂಯುಎ 191 ಎಂಬ ಮಾರ್ಗಸೂಚಿ ಪ್ರಕಾರ ಸಾಮಾನ್ಯ ದಿನಗಳಲ್ಲಿ ಹತ್ತು ನಿಮಿಷಕ್ಕೆ ಒಂದು ಇದ್ದರೆ ಒಬ್ಬ ಮನುಷ್ಯ ನಿಭಾಯಿಸಬಲ್ಲ. 1994ರ ಜುಲೈನಲ್ಲಿ ವೇಲ್ಸ್‌ನ ಮಿಲ್‌ಫೋರ್ಡ್ ಹೇವನ್ ರಿಫೈನರಿಯಲ್ಲಿ ಸ್ಫೋಟ ಆಯಿತಲ್ಲ, ಅದಕ್ಕೆ ಮುಂಚಿನ 11 ನಿಮಿಷದಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರ್ಮ್ ಬಂದಿದ್ದವು. ನಮ್ಮವರ ಟೇಪ್ ನೋಡಿ ನನಗೆ ಸಿಟ್ಟು ಬರಲಿಲ್ಲ. ಒಂದೊಂದೇ ಅಲಾರ್ಮ್ ಹಿಡಿದು "ಇದು ಬಂದರೆ ಏನು ಮಾಡ್ತೀರಿ?" ಅಂತ ಕೇಳಿದೆ. "ಏನೂ ಇಲ್ಲ" ಅಂದಿದ್ದನ್ನು ಪ್ರೊಸೆಸ್ ಮತ್ತು ಸೇಫ್ಟಿಯವರ ಸಹಿ ಪಡೆದು ಪಟ್ಟಿಯಿಂದ ತೆಗೆದೆವು. ಆ ಕೆಲಸ ಇನ್ನೂ ಮುಗಿದಿಲ್ಲ. ಈಗ ಗಂಟೆಗೆ ಇಪ್ಪತ್ತರ ಸುತ್ತ ನಿಂತಿದೆ.

ಕಿಲ್ನ್ ಇಟ್ಟಿಗೆ ಬದಲಿಸುವ ವರ್ಷದ ಶಟ್‌ಡೌನ್‌ನಲ್ಲೇ ಹೊಸ ಕನ್ಸೋಲ್ ಕೂರಿಸಿದೆವು. ಬೇರೆ ಹೊತ್ತಲ್ಲಿ ಆ ಕೋಣೆ ಯಾರ ಕೈಗೂ ಸಿಗುವುದಿಲ್ಲ. ಕತ್ತಿನ ದೂರು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮೇಜು ಎತ್ತರಿಸಿ ನಿಂತು ಕೆಲಸ ಮಾಡುವವರು ಇಬ್ಬರೇ, ಅದೂ ಊಟವಾದ ಮೇಲೆ. ಉಳಿದವರು ತಮ್ಮ ತಮ್ಮ ಎತ್ತರಕ್ಕೆ ಹೊಂದಿಸಿ ಕೂರುತ್ತಾರೆ. ನನಗೆ ಅಷ್ಟು ಸಾಕು.

ಮೂರನೇ ತಿಂಗಳು ಮೇಜಿನ ಕೆಳಗೆ ಬಗ್ಗಿದರೆ ಗೋಣಿತಟ್ಟಿನ ಇಟ್ಟಿಗೆ ವಾಪಸ್ ಬಂದಿತ್ತು. ಕೇಳಿದರೆ, ನಾನು ತರಿಸಿದ ಫುಟ್‌ರೆಸ್ಟ್ ಹೊಸ ವಿನೈಲ್ ನೆಲದ ಮೇಲೆ ಜಾರುತ್ತದಂತೆ. ಇಟ್ಟಿಗೆ ಜಾರುವುದಿಲ್ಲ. ಹಳೇ ಕನ್ವೇಯರ್ ಬೆಲ್ಟ್‌ನ ಎರಡು ತುಂಡು ಕತ್ತರಿಸಿ ಫುಟ್‌ರೆಸ್ಟ್ ಅಡಿಗೆ ಅಂಟಿಸಿದ್ದೇನೆ. ಆತ ಇಟ್ಟಿಗೆಯನ್ನು ಇನ್ನೂ ಹೊರಗೆ ಹಾಕಿಲ್ಲ.