ಮೆದು ರೀಡ್, ಗಟ್ಟಿ ರೀಡ್: ನನ್ನ ಅಭ್ಯಾಸದ ಕ್ರಮ

ಕ್ಲಾರಿನೆಟ್ ನುಡಿಸುವ ಇಬ್ಬರು ಸೇರಿದರೆ ‘ಎಷ್ಟನೇ ನಂಬರಿನ ರೀಡ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಾಯಲ್ಲಿಟ್ಟು ಊದುವ ತುದಿಗೆ, ಅಂದರೆ ಮೌತ್‌ಪೀಸಿಗೆ, ಬಿಗಿದಿರುವ ತೆಳು ಪಟ್ಟಿಯೇ ರೀಡ್. ಅದು ಅದುರಿದಾಗ ದನಿ ಹೊರಡುತ್ತದೆ. 2 ಎಂದರೆ ಕಲಿಯುವವರು, 4 ಎಂದರೆ ಪಳಗಿದವರು ಎಂಬ ಲೆಕ್ಕಾಚಾರ ನನಗೆ ಒಪ್ಪಿಗೆಯಿಲ್ಲ. ನಾನು ನಾಲ್ಕು ಜನರ ಮುಂದೆ ನುಡಿಸುವುದು 2.5ರಲ್ಲಿ. ಅಭ್ಯಾಸಕ್ಕೆ ಮಾತ್ರ 2 ಮತ್ತು 3 ಎರಡೂ ಬೇಕು.

ಈ ನಂಬರು ಹೇಳುವುದು ರೀಡಿನ ಬಿಗುವನ್ನು. ಅದೂ ಒಬ್ಬ ತಯಾರಕರ 2.5 ಇನ್ನೊಬ್ಬರ 3ರಷ್ಟು ಗಟ್ಟಿಯಾಗಿರಬಹುದು. ಮೌತ್‌ಪೀಸಿನ ತುದಿಗೂ ರೀಡಿಗೂ ನಡುವೆ ತೆರಪು ಹೆಚ್ಚಿದ್ದಷ್ಟೂ ಮೆದು ರೀಡ್ ಹಿಡಿಸುತ್ತದೆ. ಹಾಗಾಗಿ ಬೇರೆಯವರ ನಂಬರು ಕಟ್ಟಿಕೊಂಡು ನನಗೇನೂ ಆಗಬೇಕಿಲ್ಲ.

ಮೊದಲು 2. ಶ್ರುತಿಯ ಏರಿಳಿತವನ್ನು ಮುಳ್ಳಿನಿಂದ ತೋರಿಸುವ ಟ್ಯೂನರ್ ಎದುರಿಗಿಟ್ಟು ಒಂದೇ ಸ್ವರವನ್ನು ಮೆಲ್ಲಗೆ ಹಿಡಿದು, ಉಸಿರು ಏರಿಸುತ್ತಾ ಹೋಗುತ್ತೇನೆ. ದನಿ ದೊಡ್ಡದಾದಂತೆ ಮುಳ್ಳು ಎಡಕ್ಕೆ ಜಾರುತ್ತದೆ, ಅಂದರೆ ಶ್ರುತಿ ಇಳಿಯುತ್ತಿದೆ. ಅದನ್ನು ಎತ್ತಲು ದವಡೆ ಬಿಗಿದರೆ ರೀಡ್ ಮೌತ್‌ಪೀಸಿಗೆ ಅಂಟಿ ದನಿಯೇ ಕಟ್ಟಿಹೋಗುತ್ತದೆ. ಮೆದು ರೀಡ್ ಚಾಡಿಕೋರನಂತೆ, ತುಟಿ ಮಾಡಿದ್ದನ್ನೆಲ್ಲ ಆಗಿಂದಾಗಲೇ ಹೇಳಿಬಿಡುತ್ತದೆ. ತುಟಿಯ ಅಂಚುಗಳನ್ನು ಒಳಕ್ಕೆ ಸೇರಿಸಿ, ನಾಲಿಗೆಯ ಹಿಂಭಾಗವನ್ನು ತುಸು ಎತ್ತರದಲ್ಲಿಟ್ಟು, ಮುಳ್ಳು ನಡುವೆ ನಿಲ್ಲುವವರೆಗೆ ಅದೇ ಸ್ವರ. ಮೇಲಿನ ಸ್ಥಾಯಿಯಲ್ಲಿ ಈ ಕೆಲಸ ಇನ್ನೂ ಕಠಿಣ, ಅಲ್ಲಿ 2ರ ದನಿ ತೆಳುವಾಗಿ ಸೊರಗುತ್ತದೆ.

ಆಮೇಲೆ 3, ಸ್ವಲ್ಪ ಹೊತ್ತು ಮಾತ್ರ. ಮೇಲಿನ ಸ್ವರಗಳು ಇದರಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ, ತೊಂದರೆಯೆಲ್ಲ ಮೆಲುದನಿಯಲ್ಲಿ. ಕೆಳಗಿನ ಸ್ವರವನ್ನು ಮೆಲ್ಲಗೆ ಶುರುಮಾಡಿದರೆ ಮೊದಲು ಬರುವುದು ಬರೀ ಗಾಳಿಯ ಸದ್ದು. ಆಗ ಕಚ್ಚಿ ನುಡಿಸುವ ಆಸೆಯಾಗುತ್ತದೆ. ಕೆಳತುಟಿಯ ಒಳಬದಿಯನ್ನು ನಾಲಿಗೆಯಿಂದ ಸವರಿ ನೋಡುತ್ತೇನೆ. ಹಲ್ಲಿನ ಗುರುತು ಆಳವಾಗಿ ಸಿಕ್ಕಿದರೆ ಅಂದಿಗೆ 3 ಪೆಟ್ಟಿಗೆಗೆ. ಹೊಟ್ಟೆಯಿಂದ ಬರುವ ಉಸಿರಿಗೇ ರೀಡ್ ಅದುರಬೇಕು.

ಈ ಕ್ರಮವನ್ನು ಹಿಂದುಮುಂದು ಮಾಡುವುದಿಲ್ಲ. 3ರಲ್ಲಿ ದಣಿದ ತುಟಿ 2ಕ್ಕೆ ಬಂದಾಗ ಸುಮ್ಮನೆ ಅದುಮತೊಡಗುತ್ತದೆ, ಶ್ರುತಿಯ ಪಾಠ ಕೆಡುತ್ತದೆ. ಕೊನೆಯಲ್ಲಿ 2.5 ಹಾಕಿದಾಗ ಹೊಸದೇನನ್ನೂ ನುಡಿಸುವುದಿಲ್ಲ, ಕೈಗೆ ಬಂದಿರುವ ಒಂದು ರಚನೆ ಸಾಕು.

ಹಾಗೆಂದು ಚೂರು ಗಟ್ಟಿ ಎನಿಸಿದ ಕೂಡಲೇ ರೀಡ್ ಬದಲಿಸಬೇಕಾಗಿಲ್ಲ. ರೀಡನ್ನು ಬಿಗಿದಿಡುವ ಲಿಗೇಚರ್ ಎಂಬ ಪಟ್ಟಿಯನ್ನು ಸಡಿಲಿಸಿ ರೀಡನ್ನು ಕೂದಲೆಳೆಯಷ್ಟು ಕೆಳಕ್ಕೆ ಸರಿಸಿದರೆ ಮೆದುವಾಗುತ್ತದೆ, ಮೇಲಕ್ಕೆ ಸರಿಸಿದರೆ ಗಟ್ಟಿಯಾಗುತ್ತದೆ. ಒಂದು ಮಗ್ಗುಲಷ್ಟೇ ಬಿಗಿಯೇ ಎಂದು ತಿಳಿಯಲು ಮೌತ್‌ಪೀಸನ್ನು ಬಾಯಲ್ಲಿ ತುಸು ವಾಲಿಸಿ, ಒಂದೊಂದೇ ಬದಿಯನ್ನು ಊದಿ ನೋಡುತ್ತೇನೆ.

ನುಡಿಸಿ ಸವೆದ 3ನ್ನು 2ರ ಬದಲಿಗೆ ಬಳಸುವವರಿದ್ದಾರೆ. ನಾನು ಬಳಸುವುದಿಲ್ಲ. ಅದು ಮೆದುವಾಗಿರುತ್ತದೆ ನಿಜ, ಆದರೆ ಪುಟಿಯುವ ಗುಣ ಹೋಗಿರುತ್ತದೆ. ಶ್ರುತಿ ಇಳಿದರೆ ತಪ್ಪು ತುಟಿಯದೋ ರೀಡಿನದೋ ಎಂದು ಹೇಳಲಾಗುವುದಿಲ್ಲ.