ಮೈಲುತುತ್ತು, ಮೆದು ನೀರು, ಹಳ್ಳದ ಹುಳು

ತಾಮ್ರ ಬೆರೆತ ನೀರಿನಲ್ಲಿ ಹಳ್ಳದ ಹುಳು ಎಷ್ಟು ಸಾಯುತ್ತವೆ ಎಂದು ಮನೆಯಲ್ಲೇ ಮಾಡುತ್ತಿದ್ದ ಪ್ರಯೋಗಕ್ಕೆ ಅಂತೂ ಮೂರನೇ ವರ್ಷ ಲೆಕ್ಕ ಕೂಡಿತು. ಶಿರಸಿ ಕಡೆಯ ನಮ್ಮ ಹಳ್ಳದ ಮೇಫ್ಲೈ (ನೀರಿನಲ್ಲಿ ಬೆಳೆದು ಹಾರಿಹೋಗುವ ಒಂದು ಕೀಟ) ಮರಿಗಳಿಗೆ ಒಂದೇ ಅಳತೆಯ ತಾಮ್ರ ಕೊಟ್ಟರೂ ಒಮ್ಮೆ ಇಪ್ಪತ್ತರಲ್ಲಿ ಹದಿನೆಂಟು ಸಾಯುತ್ತಿದ್ದವು, ಇನ್ನೊಮ್ಮೆ ನಾಲ್ಕು. ‘ಹುಳುವಿನ ಹಣೆಬರಹವೇ ಇಷ್ಟು’ ಎಂದು ಜೊತೆಗಿದ್ದ ಗೆಳೆಯರು ಕೈಬಿಟ್ಟರು. ದೊಡ್ಡಪ್ಪನದು ಬೇರೆ ರಾಗ: “ತಮಾ, ಹುಳ ಸಾಕಿ ಹೊಟ್ಟೆ ತುಂಬ್ತಿಲ್ಲೆ.”

ಮೊದಲ ವರ್ಷ ತಾಮ್ರ ಹಾಕದ ಡಬ್ಬಿಯಲ್ಲೂ ಮರಿಗಳು ಸತ್ತವು. ಗಾಳಿ ಪಂಪು ಬದಲಿಸಿದೆ, ಇನ್ವರ್ಟರ್ ತಂದೆ. ಹತ್ತು ಸಾವಿರದ ಮೇಲೆ ಹೋಯಿತು. ತಪ್ಪು ಇದ್ದದ್ದು ಬಚ್ಚಲಿನಲ್ಲಿ: ನೀರು ತುಂಬಿಡುತ್ತಿದ್ದದ್ದು ಅಜ್ಜಿಯ ಕಾಲದ ತಾಮ್ರದ ಹಂಡೆಯಲ್ಲಿ! ನೂರೈವತ್ತು ರೂಪಾಯಿಯ ಪ್ಲಾಸ್ಟಿಕ್ ಕೊಡ ತಂದ ಮೇಲೆ ಆ ಕಾಟ ತಪ್ಪಿತು.

ಮರುವರ್ಷ ಸುಣ್ಣದಿಂದ ಮೋಸಹೋದೆ. ನಮ್ಮ ನೀರು ಮೆದು, ಗಡಸುತನ (ನೀರಿನಲ್ಲಿ ಕರಗಿದ ಸುಣ್ಣದಂಥ ಅಂಶ) ಲೀಟರಿಗೆ 20 ಮಿ.ಗ್ರಾಂ. ಆಸುಪಾಸು. ಗಡಸು ಮಾಡಿ ನೋಡೋಣವೆಂದು, ಬೋರ್ಡೋಗೆ (ತೋಟಕ್ಕೆ ಹೊಡೆಯುವ ಮೈಲುತುತ್ತು-ಸುಣ್ಣದ ದ್ರಾವಣ) ತಂದಿದ್ದ ಸುಣ್ಣದ ತಿಳಿ ಬೆರೆಸಿದೆ, ಒಂದೂ ಸಾಯಲಿಲ್ಲ. ಕುಣಿದಾಡಿದೆ. ಆಮೇಲೆ ನೋಡಿದರೆ ಪಿಎಚ್ (ಹುಳಿ-ಕ್ಷಾರದ ಅಳತೆ) 9 ದಾಟಿ ತಾಮ್ರವೆಲ್ಲ ತಳಕ್ಕೆ ಕೂತಿತ್ತು. ಈಗ ಕ್ಯಾಲ್ಸಿಯಂ ಕ್ಲೋರೈಡ್ (ಡೈಹೈಡ್ರೇಟ್) ಬಳಸುತ್ತೇನೆ. ಲೀಟರಿಗೆ 150 ಮಿ.ಗ್ರಾಂ. ಹಾಕಿದರೆ ಗಡಸುತನ ನೂರು ಮಿ.ಗ್ರಾಂ.ನಷ್ಟು ಏರುತ್ತದೆ, ಪಿಎಚ್ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ.

ಅಕ್ಕಸಾಲಿಗರಲ್ಲಿ ತೂಗಿಸಿದ ಒಂದು ಗ್ರಾಂ ಮೈಲುತುತ್ತನ್ನು (ತಾಮ್ರದ ಸಲ್ಫೇಟ್) ಒಂದು ಲೀಟರಿನಲ್ಲಿ ಕರಗಿಸಿ, ಇನ್ಸುಲಿನ್ ಸಿರಿಂಜಿನಿಂದ 0.4 ಮಿ.ಲೀ. ತೆಗೆದು ಲೀಟರ್ ನೀರಿಗೆ ಬಿಟ್ಟರೆ ತಾಮ್ರ 100 ಮೈಕ್ರೋಗ್ರಾಂ. ಬಿಟ್ಟ ಕೂಡಲೇ ಹುಳು ಹಾಕಬೇಡಿ, ಒಂದು ರಾತ್ರಿ ಕಳೆಯಲಿ. ನಾಲ್ಕು ದಿನಕ್ಕೆ ಮೆದು ನೀರಿನಲ್ಲಿ ಇಪ್ಪತ್ತರಲ್ಲಿ ಹನ್ನೆರಡು-ಹದಿಮೂರು ಸತ್ತವು, ಗಡಸು ಮಾಡಿದ್ದರಲ್ಲಿ ನಾಲ್ಕೈದು. ಮೂರು ಸಲ ಮಾಡಿದೆ, ಮೂರೂ ಸಲ ಅಷ್ಟೇ.

ಹಾಗಾದರೆ ಹಳೆಯ ಹದಿನೆಂಟು-ನಾಲ್ಕರ ಗುಟ್ಟೇನು? ಹದಿನೆಂಟು ಸತ್ತದ್ದು ಡಿಸೆಂಬರಿನ ತಿಳಿನೀರಿನಲ್ಲಿ. ನಾಲ್ಕು ಸತ್ತದ್ದು ಮಾರ್ಚಿನಲ್ಲಿ, ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ಗುಂಡಿಯ ನೀರಿನಲ್ಲಿ. ಆ ಕಂದು ರಸವೇ ತಾಮ್ರವನ್ನು ಕಟ್ಟಿಹಾಕಿತ್ತು. ಈಗ ಇಡೀ ಪ್ರಯೋಗದ ನೀರನ್ನು ಒಂದೇ ದಿನ ತುಂಬುತ್ತೇನೆ. ಮರಿಗಳನ್ನು ಕಾಲು ಮುರಿಯದಂತೆ ಮನೆಗೆ ತರುವ ಉಪಾಯ ಮಾತ್ರ ಸದ್ಯ ನನ್ನಲ್ಲೇ ಇರಲಿ.

ಎಲೆರಸ ಮರಿಗಳನ್ನು ಉಳಿಸುವುದಾದರೆ ಅಡಿಕೆ ಚೊಗರು (ಅಡಿಕೆ ಬೇಯಿಸಿದ ರಸ) ಯಾಕಾಗಬಾರದು ಎಂದು ಅದನ್ನೂ ನಾಲ್ಕು ಹನಿ ಬಿಟ್ಟೆ. ಕೈ ಹೆಚ್ಚಾಯಿತೋ ಏನೋ, ಎರಡೇ ದಿನಕ್ಕೆ ನೀರು ನಾತ ಹೊಡೆದು, ತಾಮ್ರವಿಲ್ಲದ ಡಬ್ಬಿಯ ಮರಿಗಳೂ ಸತ್ತವು. ಕೆಸರಿನ ಕೆಂಪು ಹುಳುಗಳು ಮಾತ್ರ ಅದರಲ್ಲೂ ಆರಾಮಾಗಿ ಕುಣಿಯುತ್ತಿದ್ದವು.